ಹೆಣ್ಣು ಶಿಶುವಿನ ರಕ್ಷಣೆಗೆ ನೆರೆಹೊರೆಯ ಸಹಕಾರ

(ಶ್ರೀರಂಗಪಟ್ಟಣ ತಾಲ್ಲೂಕಿನ ಬಾಬುರಾಯನಕೊಪ್ಪಲಿನಲ್ಲಿ ಸೇರಿದ್ದ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ಇಲ್ಲಿ ಬಾಬುರಾಯನಕೊಪ್ಪಲಿನವರು ಮಾತ್ರವಲ್ಲ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದಲೂ ದಂಪತಿಗಳು ಬಂದು ಸೇರಿರುವುದು ಸಂತೋಷದ ಸಂಗತಿ. ನಾಲ್ಕು ತಾಲ್ಲೂಕುಗಳ ಜನ ಒಂದು ಚಪ್ಪರದಡಿ ಕುಳಿತಿರುವಾಗ, ನಾಲ್ವರಿಗೂ ಸಮಾನವಾದ ಒಂದು ವಿಷಯವನ್ನೇ ಎತ್ತಿಕೊಳ್ಳುವುದು ಯೋಗ್ಯವೆಂದು ಭಾವಿಸಿದ್ದೇನೆ. ಆ ವಿಷಯವು ನಮ್ಮ ಸೀಮೆಯ ಹೆಣ್ಣು ಮಗುವಿಗೆ ಸಂಬಂಧಿಸಿದ್ದು. ಹುಟ್ಟಿದ ಮಗುವಿಗಿಂತ ಹೆಚ್ಚಾಗಿ, ಹುಟ್ಟಲು ಬಿಡದ ಮಗುವಿಗೆ ಸಂಬಂಧಿಸಿದ್ದು.

ಗಡಿ ಯಾರಿಗೆ ಉಂಟು?

ನಾಗಮಂಗಲ ಸೀಮೆಯಲ್ಲಿ ಹುಟ್ಟುವ ಲೋಕಪಾವನಿ ಹೊಳೆಯು ಪಾಂಡವಪುರದ ನೆಲದ ಮೇಲೆ ಹರಿದು ಕರಿಘಟ್ಟದ ಬಳಿ ಕಾವೇರಿಯನ್ನು ಕೂಡುತ್ತದೆ. ಯಾವ ತಾಲ್ಲೂಕಿನ ಎಲ್ಲೆಯಲ್ಲಿಯೂ ಅದು ನಿಲ್ಲುವುದಿಲ್ಲ. ಶ್ರೀರಂಗಪಟ್ಟಣವನ್ನು ದಾಟಿ ಸ್ವಲ್ಪ ದೂರ ಹೋದರೆ ಮೈಸೂರು ಜಿಲ್ಲೆ. ಕೃಷ್ಣರಾಜಪೇಟೆಯ ಆಚೆಗೆ ಹಾಸನ ಜಿಲ್ಲೆ. ನಾಗಮಂಗಲದ ಆಚೆಗೆ ತುಮಕೂರು ಜಿಲ್ಲೆ. ಇವು ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆಗಳೇ ಹೊರತು ಜನಜೀವನದ ಗೋಡೆಗಳಲ್ಲ. ನಮ್ಮ ಸಂತೆ, ನಮ್ಮ ಜಾತ್ರೆ, ನಮ್ಮ ಬೀಗತನ ಎಲ್ಲವೂ ಈ ಗೆರೆಗಳನ್ನು ದಾಟಿಯೇ ನಡೆಯುತ್ತವೆ. ಈ ಸಭೆಯಲ್ಲಿರುವ ಸೋದರಿಯರಲ್ಲಿ ಹೆಚ್ಚಿನವರ ತವರು ಇನ್ನೊಂದು ಊರಿನಲ್ಲಿರುತ್ತದೆ. ಮದುವೆಯೆಂಬುದೇ ಎರಡು ಊರುಗಳ ನಡುವಿನ ಒಪ್ಪಂದ.

ಒಳಿತು ಗಡಿ ದಾಟುವಂತೆ ಕೆಡುಕೂ ದಾಟುತ್ತದೆ. ಮಲೇರಿಯಾ ರೋಗದೊಡನೆ ಹೋರಾಡುವಾಗ ಒಂದು ಹಳ್ಳಿಯವರು ಸೊಳ್ಳೆಯ ತಾಣಗಳನ್ನು ನಾಶಮಾಡಿ, ಪಕ್ಕದ ಹಳ್ಳಿಯವರು ಸುಮ್ಮನಿದ್ದರೆ ಜ್ವರವು ಮರಳಿ ಬರುತ್ತಿತ್ತು. ಪೋಲಿಯೋ ರೋಗವನ್ನು ನಮ್ಮ ದೇಶವು ಹೊರದೂಡಿದ್ದು ಹೇಗೆ? ಒಂದೇ ದಿನ ಎಲ್ಲ ಊರುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ರೈಲು ನಿಲ್ದಾಣಗಳಲ್ಲಿ, ಮಗು ಯಾವ ಊರಿನದೆಂದು ಕೇಳದೆ ಎರಡು ಹನಿ ಲಸಿಕೆ ಹಾಕಿದ್ದರಿಂದ. 2011ರ ಜನವರಿಯ ನಂತರ ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿನ ಪ್ರಕರಣ ಕಂಡಿಲ್ಲ. 2014ರ ಮಾರ್ಚ್‌ನಲ್ಲಿ ದೇಶಕ್ಕೆ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ನೆರೆಯವರು ಕೈಜೋಡಿಸಿದರೆ ಆಗದ ಕೆಲಸವಿಲ್ಲವೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಸೀಮೆಯ ಲೆಕ್ಕ

ಪ್ರಕೃತಿಯ ನಿಯಮದಂತೆ 100 ಹೆಣ್ಣು ಮಕ್ಕಳು ಹುಟ್ಟುವಲ್ಲಿ ಸುಮಾರು 105 ಗಂಡು ಮಕ್ಕಳು ಹುಟ್ಟುತ್ತಾರೆ. ಅಂದರೆ 1,000 ಗಂಡು ಶಿಶುಗಳಿಗೆ ಸುಮಾರು 950 ಹೆಣ್ಣು ಶಿಶುಗಳು. ಗಂಡು ಶಿಶುಗಳು ಹುಟ್ಟಿದ ಮೇಲೆ ಸ್ವಲ್ಪ ಹೆಚ್ಚಾಗಿ ತೀರಿಕೊಳ್ಳುವುದರಿಂದ, ಬೆಳೆಯುತ್ತ ಬೆಳೆಯುತ್ತ ಈ ವ್ಯತ್ಯಾಸ ತಾನಾಗಿಯೇ ಕಡಿಮೆಯಾಗಬೇಕು. ಆದರೆ ಜನಗಣತಿಯು ಹೇಳುವುದೇನು? ಆರು ವರ್ಷದವರೆಗಿನ ಮಕ್ಕಳಲ್ಲಿ 1,000 ಗಂಡು ಮಕ್ಕಳಿಗೆ ಭಾರತದಲ್ಲಿ 1961ರಲ್ಲಿ 976 ಹೆಣ್ಣು ಮಕ್ಕಳಿದ್ದರು. 1991ರಲ್ಲಿ ಅದು 945ಕ್ಕೆ, 2001ರಲ್ಲಿ 927ಕ್ಕೆ, 2011ರಲ್ಲಿ 919ಕ್ಕೆ ಇಳಿಯಿತು. ಕರ್ನಾಟಕದಲ್ಲಿ 1991ರಲ್ಲಿ 960 ಇದ್ದದ್ದು 2001ರಲ್ಲಿ 946 ಆಯಿತು, 2011ರಲ್ಲಿ 948.

ನಮ್ಮ ಮಂಡ್ಯ ಜಿಲ್ಲೆಯ ವಿಚಾರ ಇನ್ನೂ ಗಮನಾರ್ಹ. 2011ರ ಜನಗಣತಿಯಲ್ಲಿ ಜಿಲ್ಲೆಯ ಒಟ್ಟು ಜನರಲ್ಲಿ ಗಂಡಸರು ಮತ್ತು ಹೆಂಗಸರು ಬಹುಮಟ್ಟಿಗೆ ಸರಿಸಮವಾಗಿದ್ದರು. ಆದರೆ ಆರು ವರ್ಷದೊಳಗಿನ ಮಕ್ಕಳನ್ನು ಮಾತ್ರ ಎಣಿಸಿದಾಗ ಹೆಣ್ಣು ಮಕ್ಕಳ ಪ್ರಮಾಣವು ರಾಜ್ಯದ ಸರಾಸರಿಗಿಂತ ಕೆಳಗಿತ್ತು. ಅಜ್ಜಿಯರ ಸಾಲು ತುಂಬಿದೆ, ಮೊಮ್ಮಗಳ ಸಾಲಿನಲ್ಲಿ ತೆರಪು ಕಾಣುತ್ತಿದೆ. ನೀರಾವರಿಯಿಂದ ಹಸಿರಾದ, ವಿದ್ಯೆ ಮತ್ತು ರಸ್ತೆ ಬಂದ, ಆಸ್ಪತ್ರೆ ಹತ್ತಿರವಿರುವ ಸೀಮೆಯಲ್ಲಿ ಹೀಗಾಗಿದೆ. ಬಡತನವೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು.

2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಠಾಣೆಯ ಪೊಲೀಸರು ಅನುಮಾನದಿಂದ ಒಂದು ಕಾರನ್ನು ತಡೆದರು. ಆ ಎಳೆಯನ್ನು ಹಿಡಿದು ಹೋದಾಗ ತನಿಖೆಯಲ್ಲಿ ಹೊರಬಿದ್ದ ಸಂಗತಿಯು ಇಡೀ ರಾಜ್ಯವನ್ನು ಬೆಚ್ಚಿಬೀಳಿಸಿತು. ಗರ್ಭಿಣಿಯರನ್ನು ಒಂದೆಡೆಯಿಂದ ಕರೆತರುವುದು; ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಇರಿಸಿದ್ದ ಸ್ಕ್ಯಾನಿಂಗ್ ಯಂತ್ರದಿಂದ ಭ್ರೂಣದ ಲಿಂಗವನ್ನು ನೋಡುವುದು; ಹೆಣ್ಣೆಂದು ಕಂಡರೆ ಮೈಸೂರಿಗೆ ಕರೆದೊಯ್ದು ಗರ್ಭಪಾತ ಮಾಡಿಸುವುದು. ಇಂತಹ ಗರ್ಭಪಾತಗಳು ನೂರಾರು ನಡೆದಿವೆಯೆಂದು ಪೊಲೀಸರು ತಿಳಿಸಿದರು. ತನಿಖೆಯನ್ನು ಸರ್ಕಾರವು ಸಿ.ಐ.ಡಿ.ಗೆ ಒಪ್ಪಿಸಿತು. ಮರುವರ್ಷ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ನೌಕರರ ವಸತಿಗೃಹವೊಂದರಲ್ಲಿಯೇ ಇಂತಹ ಕೃತ್ಯ ನಡೆಯುತ್ತಿತ್ತೆಂಬ ಪ್ರಕರಣವೂ ಬೆಳಕಿಗೆ ಬಂದಿತು. ಕಾಯಬೇಕಾದವರ ಅಂಗಳವೂ ಈ ಕೇಡಿನಿಂದ ಹೊರತಾಗಲಿಲ್ಲ. ಕಬ್ಬಿನ ಹಾಲು ಬೆಲ್ಲವಾಗುವ ಆಲೆಮನೆಯು ನಮ್ಮ ಸೀಮೆಯ ಹೆಮ್ಮೆ. ಅಲ್ಲಿಯೇ ಕಂದಮ್ಮಗಳ ಭವಿಷ್ಯಕ್ಕೆ ತೀರ್ಪು ಬರೆಯಲಾಯಿತೆಂದು ಕೇಳಿದಾಗ ಯಾವ ತಂದೆತಾಯಿಗಳ ಮನಸ್ಸು ತಾನೆ ನೋಯದು?

ಈ ಕೃತ್ಯದ ರೀತಿಯನ್ನು ನೀವು ಗಮನಿಸಬೇಕು. ಗರ್ಭಿಣಿಯ ಮನೆ ಒಂದು ಊರಿನಲ್ಲಿ, ಸ್ಕ್ಯಾನಿಂಗ್ ಮತ್ತೊಂದು ತಾಲ್ಲೂಕಿನಲ್ಲಿ, ಗರ್ಭಪಾತ ಇನ್ನೊಂದು ಜಿಲ್ಲೆಯಲ್ಲಿ, ಬೇರಿಗೆ ಕೈಹಾಕಿದ ಪೊಲೀಸರು ರಾಜಧಾನಿಯಲ್ಲಿ. ಒಂದೊಂದು ಊರಿನವರಿಗೆ ಒಂದೊಂದು ತುಂಡು ಮಾತ್ರ ಕಂಡರೆ ಪೂರ್ಣ ಚಿತ್ರ ಯಾರಿಗೂ ಕಾಣುವುದಿಲ್ಲ. ಗಡಿಯೇ ಈ ದಂಧೆಯ ಮರೆ. ಆದುದರಿಂದ ಗಡಿಯ ಎರಡು ಬದಿಯವರು ಕೂಡಿದಾಗ ಮಾತ್ರ ಆ ಮರೆ ಕಳಚಿಬೀಳುತ್ತದೆ. ನಾನು ಇಂದು ಹೇಳಬಯಸುವ ಮುಖ್ಯ ಮಾತು ಇದೇ.

ಮಿತ ಸಂಸಾರವೂ ಗಂಡಿನ ಹಂಬಲವೂ

ಕುಟುಂಬ ಕಲ್ಯಾಣದ ವಿಚಾರದಲ್ಲಿ ನಮ್ಮ ನಾಡಿಗೆ ದೊಡ್ಡ ಪರಂಪರೆಯುಂಟು. 1930ರಲ್ಲಿಯೇ ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ಇಂತಹ ಹೆಜ್ಜೆಯಿಟ್ಟ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. 1952ರಲ್ಲಿ ಭಾರತ ಸರ್ಕಾರವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. 1977ರಲ್ಲಿ ಅದಕ್ಕೆ ಕುಟುಂಬ ಕಲ್ಯಾಣವೆಂಬ ಹೆಸರಾಯಿತು. ಇಂದು ಕರ್ನಾಟಕದ ದಂಪತಿಗಳು ಮಿತ ಸಂಸಾರವನ್ನು ಮನಃಪೂರ್ವಕವಾಗಿ ಒಪ್ಪಿಕೊಂಡಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಒಟ್ಟು ಫಲವತ್ತತೆಯ ದರವು 1.7. ಅಂದರೆ ಒಬ್ಬ ತಾಯಿಗೆ ಸರಾಸರಿ ಇಬ್ಬರಿಗಿಂತಲೂ ಕಡಿಮೆ ಮಕ್ಕಳು.

ಇದು ಒಳ್ಳೆಯದೇ. ಆದರೆ ಇದರೊಳಗೇ ಒಂದು ಅಪಾಯ ಅಡಗಿದೆ. ಹಿಂದೆ ಗಂಡು ಬೇಕೆಂದು ಬಯಸಿದವರು ನಾಲ್ಕು ಐದು ಹೆರಿಗೆಗಳವರೆಗೆ ಕಾಯುತ್ತಿದ್ದರು. ಇಂದು ಎರಡೇ ಮಕ್ಕಳು ಸಾಕು, ಆದರೆ ಅದರಲ್ಲಿ ಒಂದು ಗಂಡಾಗಲೇಬೇಕು ಎಂಬ ಹಟ ಉಳಿದುಕೊಂಡಿದೆ. ಮೊದಲನೆಯದು ಹೆಣ್ಣಾದರೆ ಎರಡನೆಯ ಬಸಿರಿನ ಮೇಲೆ ಇಡೀ ಮನೆಯ ಕಣ್ಣು ಬೀಳುತ್ತದೆ. ಆ ವೇಳೆಯಲ್ಲಿಯೇ ದಲ್ಲಾಳಿಯು ಬಾಗಿಲು ತಟ್ಟುತ್ತಾನೆ. "ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಎಂಬ ಹಳೆಯ ನುಡಿಯನ್ನು ನಾವೆಲ್ಲರೂ ಪ್ರೀತಿಯಿಂದ ಹೇಳಿಕೊಂಡು ಬಂದಿದ್ದೇವೆ. ಅದರ ಉದ್ದೇಶ ಒಳ್ಳೆಯದು. ಆದರೆ ಆರತಿ ಎತ್ತುವುದು ಹೆಣ್ಣಿನ ಪಾಲು, ಕೀರ್ತಿ ತರುವುದು ಗಂಡಿನ ಪಾಲು ಎಂಬ ವಿಂಗಡಣೆ ಇಂದಿಗೆ ಸಲ್ಲದು. ಇಬ್ಬರೂ ಹೆಣ್ಣಾದರೂ ಸಂಸಾರ ಪೂರ್ಣ, ಇಬ್ಬರೂ ಗಂಡಾದರೂ ಪೂರ್ಣ, ಒಂದೇ ಮಗುವಾದರೂ ಪೂರ್ಣ.

ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮಾತು ಇನ್ನೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಇದು ವಿಜ್ಞಾನಕ್ಕೆ ವಿರುದ್ಧ. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ಎಂಬ ಒಂದೇ ಬಗೆಯ ಲಿಂಗವರ್ಣತಂತು. ತಂದೆಯ ವೀರ್ಯಾಣುಗಳಲ್ಲಿ ಕೆಲವು ಎಕ್ಸ್ ಅನ್ನು, ಕೆಲವು ವೈ ಅನ್ನು ಹೊತ್ತಿರುತ್ತವೆ. ಅಂಡಕ್ಕೆ ಎಕ್ಸ್ ಕೂಡಿದರೆ ಹೆಣ್ಣು, ವೈ ಕೂಡಿದರೆ ಗಂಡು. ಯಾವುದು ಕೂಡುವುದೆಂಬುದು ಗಂಡನ ಇಚ್ಛೆಯಲ್ಲಿಯೂ ಇಲ್ಲ, ಹೆಂಡತಿಯ ಇಚ್ಛೆಯಲ್ಲಿಯೂ ಇಲ್ಲ. ಯಾರನ್ನೂ ದೂರಬೇಕಾಗಿಲ್ಲ, ತಾಯಿಯನ್ನಂತೂ ದೂರಲೇಬಾರದು.

ಮಗಳು ಮನೆಬಿಟ್ಟು ಹೋಗುವವಳು, ಮುಪ್ಪಿನಲ್ಲಿ ಆಸರೆಯಾಗುವವನು ಮಗನೇ ಎಂದು ಕೆಲವರು ವಾದಿಸುತ್ತಾರೆ. ತಂದೆತಾಯಿಗಳ ಪೋಷಣೆಗೆ ಸಂಬಂಧಿಸಿದ 2007ರ ಕಾನೂನು ಆ ಹೊಣೆಯನ್ನು ಮಗ ಮತ್ತು ಮಗಳು ಇಬ್ಬರ ಮೇಲೂ ಹೊರಿಸಿದೆ. ಆಸ್ತಿಯ ವಿಚಾರದಲ್ಲಿ ಕರ್ನಾಟಕವು 1994ರಲ್ಲಿಯೂ, ಇಡೀ ದೇಶವು 2005ರಲ್ಲಿಯೂ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣು ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ನೀಡಿವೆ. ಇನ್ನು ವರದಕ್ಷಿಣೆಯ ಭಯ. ಅದನ್ನು ಕೊಡುವುದೂ ಪಡೆಯುವುದೂ 1961ರಿಂದಲೇ ಅಪರಾಧ. ಗಂಡು ಹೆತ್ತವರು ಕೇಳುವುದನ್ನು ನಿಲ್ಲಿಸಿದರೆ ಹೆಣ್ಣು ಹೆತ್ತವರ ಭಯ ತಾನಾಗಿ ಅಡಗುತ್ತದೆ. ಇಂದು ಗಂಡಿನ ಕಡೆಯವರಾಗಿ ಕುಳಿತವರು ನಾಳೆ ಹೆಣ್ಣಿನ ಕಡೆಯವರಾಗಿ ಕೂರಬೇಕಾಗುತ್ತದೆಂಬುದನ್ನು ಮರೆಯಬಾರದು.

ತಾಯಿಯ ಪ್ರಾಣದ ಪ್ರಶ್ನೆ

ಭ್ರೂಣದ ಲಿಂಗವು ಸ್ಕ್ಯಾನಿಂಗ್‌ನಲ್ಲಿ ಸ್ಪಷ್ಟವಾಗಿ ತೋರುವ ವೇಳೆಗೆ ಸಾಮಾನ್ಯವಾಗಿ ಬಸಿರಿಗೆ ಮೂರು ತಿಂಗಳು ತುಂಬಿ ನಾಲ್ಕನೆಯದು ನಡೆಯುತ್ತಿರುತ್ತದೆ. ಆಮೇಲೆ ತರಬೇತಿಯಿಲ್ಲದವರ ಕೈಯಲ್ಲಿ, ರಕ್ತದ ಸೌಕರ್ಯವಿಲ್ಲದ ಕೋಣೆಯಲ್ಲಿ ಗರ್ಭಪಾತ ಮಾಡಿಸುವುದೆಂದರೆ ತಾಯಿಯ ಪ್ರಾಣವನ್ನು ಪಣಕ್ಕಿಟ್ಟಂತೆ. ವಿಪರೀತ ರಕ್ತಸ್ರಾವ, ನಂಜು, ಗರ್ಭಕೋಶಕ್ಕೆ ಗಾಯ, ಮುಂದೆ ಮಕ್ಕಳೇ ಆಗದಿರುವುದು, ಇವೆಲ್ಲ ಅದರ ಫಲಗಳು. ಗುಟ್ಟು ಹೊರಬೀಳುವುದೆಂಬ ಭಯದಿಂದ ಆಸ್ಪತ್ರೆಗೆ ತಡವಾಗಿ ಕರೆತರುವುದು ಅಪಾಯವನ್ನು ಇಮ್ಮಡಿಸುತ್ತದೆ.

2024ರ ಮೇ ತಿಂಗಳಲ್ಲಿ ನಡೆದ ಒಂದು ದುರಂತವನ್ನು ಇಲ್ಲಿ ನೆನೆಯಬೇಕು. ಮಹಾರಾಷ್ಟ್ರದ ಒಬ್ಬ ಗರ್ಭಿಣಿಯನ್ನು ರಾಜ್ಯದ ಗಡಿ ದಾಟಿಸಿ ನಮ್ಮ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರಕ್ಕೆ ಕರೆತಂದು ಒಂದು ಮನೆಯಲ್ಲಿ ಗರ್ಭಪಾತ ಮಾಡಿಸಲಾಯಿತು. ಆಕೆ ಬದುಕುಳಿಯಲಿಲ್ಲ. ಆಕೆಯ ದೇಹವಿದ್ದ ಕಾರು ಸಾಂಗ್ಲಿ ಪೊಲೀಸರ ಕಣ್ಣಿಗೆ ಬಿದ್ದುದರಿಂದ ಪ್ರಕರಣವು ಹೊರಬಂದು ಎರಡು ರಾಜ್ಯಗಳಲ್ಲಿಯೂ ತನಿಖೆ ನಡೆಯಬೇಕಾಯಿತು. ಸಹಕಾರವು ಸಾವಿನ ನಂತರ ಬಂದರೆ ಏನು ಫಲ? ಅದು ಮೊದಲೇ ಇರಬೇಕು.

ಊರಿಗೆ ಬಂದ ಕೊರತೆ

ಹೆಣ್ಣು ಮಕ್ಕಳ ಸಂಖ್ಯೆ ಕುಗ್ಗಿದರೆ ಅದರ ನೋವು ಇಪ್ಪತ್ತು ಇಪ್ಪತ್ತೈದು ವರ್ಷಗಳ ಬಳಿಕ ತಲೆದೋರುತ್ತದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧೂವರರ ಸಮಾವೇಶಕ್ಕೆ ಸಾವಿರಾರು ಯುವಕರು ನೋಂದಾಯಿಸಿಕೊಂಡರೆ, ಯುವತಿಯರ ಸಂಖ್ಯೆ ಕೆಲವು ನೂರನ್ನು ಮೀರಲಿಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ಯುವಕರು ವಧು ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಕೆಲವರು ಇದನ್ನು ಕೇಳಿ ನಕ್ಕರು. ನಗುವ ವಿಷಯವಲ್ಲ ಇದು. ಹೊಲ, ಗದ್ದೆ, ಹಸು, ಮನೆ ಎಲ್ಲವೂ ಇದ್ದು ಸಂಗಾತಿಯಿಲ್ಲದೆ ನಲವತ್ತು ದಾಟುತ್ತಿರುವ ರೈತನ ಅಳಲು ಅದು.

ಇದಕ್ಕೆ ಕಾರಣಗಳು ಹಲವು. ಓದಿದ ಹೆಣ್ಣು ಮಕ್ಕಳು ಪಟ್ಟಣದ ನೌಕರಿಯ ಗಂಡನ್ನು ಬಯಸುವುದೂ ಒಂದು. ವ್ಯವಸಾಯದ ಆದಾಯ ಅನಿಶ್ಚಿತವಾಗಿರುವುದೂ ಒಂದು. ಆದರೆ ಹುಟ್ಟದೆ ಹೋದ ಹೆಣ್ಣು ಮಕ್ಕಳ ಲೆಕ್ಕವೂ ಅದರಲ್ಲಿ ಸೇರಿದೆ. ಹೊರ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದ ದಲ್ಲಾಳಿಗಳ ಮೂಲಕ ಹೆಣ್ಣು ತರುವ ಪ್ರಯತ್ನಗಳಿಂದ ಮೋಸ, ಬಾಲ್ಯವಿವಾಹ, ಹೆಣ್ಣು ಮಕ್ಕಳ ಸಾಗಣೆ ಮುಂತಾದ ಹೊಸ ಅನರ್ಥಗಳು ಹುಟ್ಟುತ್ತವೆ. ನಮ್ಮ ಊರಿನ ಕೊರತೆಯು ನೆರೆಯ ಊರಿನ ಬಡ ಹುಡುಗಿಯ ಸಂಕಟವಾಗಿ ಪರಿಣಮಿಸುತ್ತದೆ.

ಕಾನೂನು ಏನು ಹೇಳುತ್ತದೆ?

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿ ರೂಪುಗೊಂಡು 1996ರ ಜನವರಿ 1ರಿಂದ ಜಾರಿಗೆ ಬಂದಿತು. 2003ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಲಾಯಿತು. ಸ್ಕ್ಯಾನಿಂಗ್ ಮಾಡುವ ಪ್ರತಿಯೊಂದು ಕೇಂದ್ರವೂ ನೋಂದಣಿಯಾಗಿರಬೇಕು. ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ಕಾರಣವನ್ನು ತಿಳಿಸುವ ನಮೂನೆಯನ್ನು ತುಂಬಿ ಇಡಬೇಕು. ಮಗುವಿನ ಲಿಂಗವನ್ನು ಮಾತಿನಿಂದಾಗಲಿ, ಸಂಜ್ಞೆಯಿಂದಾಗಲಿ, ಮತ್ತಾವ ರೀತಿಯಿಂದಾಗಲಿ ಯಾರಿಗೂ ತಿಳಿಸಕೂಡದು. ಅಪರಾಧವೆಸಗಿದ ವೈದ್ಯರಿಗೆ ಮೊದಲ ಸಲ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 10,000 ರೂಪಾಯಿಗಳವರೆಗೆ ದಂಡ ಉಂಟು. ಶಿಕ್ಷೆಯಾದರೆ ವೈದ್ಯ ಪರಿಷತ್ತಿನ ಪಟ್ಟಿಯಿಂದ ಹೆಸರನ್ನು ಐದು ವರ್ಷ ತೆಗೆದುಹಾಕಲಾಗುತ್ತದೆ. ಲಿಂಗಪತ್ತೆಯನ್ನು ಕೇಳಿಕೊಂಡು ಹೋದ ಗಂಡ ಅಥವಾ ಬಂಧುಗಳಿಗೆ ಮೊದಲ ಸಲ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳವರೆಗೆ ದಂಡ. ಮತ್ತೊಮ್ಮೆ ಮಾಡಿದರೆ ಐದು ವರ್ಷ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ. ಗರ್ಭಿಣಿಯು ಗಂಡನ ಅಥವಾ ಬಂಧುಗಳ ಬಲವಂತಕ್ಕೆ ಒಳಗಾಗಿಯೇ ಹೋದಳೆಂದು, ಬೇರೆ ರೀತಿ ಸಾಬೀತಾಗದ ಹೊರತು, ನ್ಯಾಯಾಲಯವು ಭಾವಿಸುತ್ತದೆ. ಕಾನೂನು ತಾಯಿಯ ವಿರುದ್ಧವಾಗಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಹೋಗಲಾಡಿಸಬೇಕು. ಮೊದಲನೆಯದು, ಸ್ಕ್ಯಾನಿಂಗ್ ಕೆಟ್ಟದ್ದಲ್ಲ. ಮಗುವಿನ ಬೆಳವಣಿಗೆ, ಅಂಗವೈಕಲ್ಯ, ಮಾಸದ ಸ್ಥಾನ ಮುಂತಾದುವನ್ನು ತಿಳಿಯಲು ವೈದ್ಯರು ಸೂಚಿಸಿದಾಗ ಅವಶ್ಯವಾಗಿ ಮಾಡಿಸಬೇಕು. ಎರಡನೆಯದು, ಎಲ್ಲ ಗರ್ಭಪಾತವೂ ಅಪರಾಧವಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾನೂನು ಮತ್ತು ಅದರ 2021ರ ತಿದ್ದುಪಡಿಯ ಪ್ರಕಾರ, ಗೊತ್ತುಪಡಿಸಿದ ಕಾರಣಗಳಿಗಾಗಿ 20 ವಾರಗಳವರೆಗೂ, ಕೆಲವು ವಿಶೇಷ ಸಂದರ್ಭಗಳಲ್ಲಿ 24 ವಾರಗಳವರೆಗೂ, ಅಂಗೀಕೃತ ಆಸ್ಪತ್ರೆಯಲ್ಲಿ ಅರ್ಹ ವೈದ್ಯರಿಂದ ಗರ್ಭಪಾತ ಪಡೆಯಬಹುದು. ಪ್ರಾಪ್ತ ವಯಸ್ಸಿನ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. ಅದನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಲಿಂಗವನ್ನು ಕಾರಣವಾಗಿಸಿಕೊಂಡು ಮಾಡಿಸುವುದೇ ನಿಷಿದ್ಧ.

ಇತರರು ನಡೆದ ದಾರಿ

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಹರಿಯಾಣ ರಾಜ್ಯದಲ್ಲಿ 2011ರ ಗಣತಿಯಂತೆ 1,000 ಗಂಡು ಮಕ್ಕಳಿಗೆ ಇದ್ದ ಹೆಣ್ಣು ಮಕ್ಕಳು ಕೇವಲ 834. ಅಲ್ಲಿನ ಜೀಂದ್ ಜಿಲ್ಲೆಯ ಬೀಬೀಪುರವೆಂಬ ಗ್ರಾಮದಲ್ಲಿ 2012ರ ಜುಲೈ ತಿಂಗಳಲ್ಲಿ ಹರಿಯಾಣ ಮತ್ತು ನೆರೆಯ ರಾಜ್ಯಗಳ ಅನೇಕ ಪಂಚಾಯಿತಿ ಹಿರಿಯರು ಒಂದುಗೂಡಿದರು. ಗಂಡಸರೇ ಕೂರುತ್ತಿದ್ದ ಆ ಕಟ್ಟೆಯಲ್ಲಿ ಹೆಂಗಸರೂ ಕುಳಿತು ಮಾತನಾಡಿದರು. ಹೆಣ್ಣು ಭ್ರೂಣಹತ್ಯೆಯನ್ನು ಕೊಲೆಯೆಂದೇ ಪರಿಗಣಿಸಬೇಕೆಂದು ಸಭೆಯು ನಿರ್ಣಯಿಸಿತು. ರಾಜಸ್ಥಾನದ ಅಧಿಕಾರಿಗಳು ತಮ್ಮ ರಾಜ್ಯದ ಗರ್ಭಿಣಿಯರನ್ನು ಗಡಿಯಾಚೆ ಕರೆದೊಯ್ಯುವುದನ್ನು ಕಂಡು, ಗುಜರಾತ್, ಉತ್ತರ ಪ್ರದೇಶ ಮುಂತಾದ ನೆರೆ ರಾಜ್ಯಗಳಿಗೂ ಹೋಗಿ ಅಲ್ಲಿ ಕೃತ್ಯ ನಡೆಸುತ್ತಿದ್ದವರನ್ನು ಹಿಡಿದರು.

ದಕ್ಷಿಣ ಕೊರಿಯ ದೇಶದಲ್ಲಿ 1990ರಲ್ಲಿ 100 ಹೆಣ್ಣು ಶಿಶುಗಳಿಗೆ 116ಕ್ಕೂ ಹೆಚ್ಚು ಗಂಡು ಶಿಶುಗಳು ಹುಟ್ಟುತ್ತಿದ್ದವು. ಲಿಂಗಪತ್ತೆಯ ನಿಷೇಧ, ಹೆಣ್ಣು ಮಕ್ಕಳ ವಿದ್ಯೆ, ಉದ್ಯೋಗ ಇವೆಲ್ಲ ಸೇರಿ ಜನರ ಮನಸ್ಸು ಬದಲಾಯಿತು. ಮನೆಯ ಯಜಮಾನಿಕೆ ಗಂಡಿಗೇ ಸೇರತಕ್ಕದ್ದೆಂಬ ಹಳೆಯ ನಿಯಮವೂ ಕೊನೆಗೆ ರದ್ದಾಯಿತು. 2007ರ ವೇಳೆಗೆ ಅಲ್ಲಿನ ಪ್ರಮಾಣವು ಪ್ರಕೃತಿಯ ಮಟ್ಟಕ್ಕೆ ಮರಳಿತು. ಒಂದು ತಲೆಮಾರಿನೊಳಗೆ ಈ ರೋಗ ವಾಸಿಯಾಗಬಲ್ಲದೆಂಬುದು ನಮಗೆ ಧೈರ್ಯ ಕೊಡಬೇಕು.

ನಾವು ಮಾಡಬಹುದಾದದ್ದು

ಸಹಕಾರವೆಂದರೆ ದೊಡ್ಡ ಸಮ್ಮೇಳನವೆಂದು ತಿಳಿಯಬೇಕಾಗಿಲ್ಲ. ಅದು ಎರಡು ಮನೆಗಳ ನಡುವೆ ಆರಂಭವಾಗುತ್ತದೆ.

1. ಬೀಗರ ಒಪ್ಪಂದ. ನಿಶ್ಚಿತಾರ್ಥದ ದಿನ ಕೊಡುವ ತರುವ ಮಾತನ್ನಾಡುವ ಹಿರಿಯರು ಇನ್ನೊಂದು ಮಾತನ್ನೂ ಆಡಲಿ: "ಹುಟ್ಟುವ ಮಗು ಹೆಣ್ಣಾಗಲಿ ಗಂಡಾಗಲಿ, ಎರಡು ಮನೆಯವರೂ ಸಮಾನವಾಗಿ ಬರಮಾಡಿಕೊಳ್ಳುತ್ತೇವೆ." ಸೊಸೆಯ ಮೇಲೆ ಒತ್ತಡ ಬಂದಾಗ ತವರಿನವರು "ಅದು ನಿಮ್ಮ ಮನೆಯ ವಿಚಾರ" ಎಂದು ಕೈಚೆಲ್ಲಬಾರದು. ಸೀಮಂತದಲ್ಲಿ ಮಡಿಲು ತುಂಬುವಾಗ ಗಂಡು ಮಗುವಾಗಲೆಂದು ಹರಸುವ ಬದಲು ಆರೋಗ್ಯವಂತ ಮಗುವಾಗಲೆಂದು ಹರಸುವುದು ಲೇಸು.

2. ಬೇಗ ನೋಂದಣಿ. ಮುಟ್ಟು ನಿಂತದ್ದು ತಿಳಿದ ಕೂಡಲೆ, ಮೂರು ತಿಂಗಳು ತುಂಬುವ ಮೊದಲೇ, ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಹಾಯಕಿಯ ಬಳಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ತಾಯಿಯ ರಕ್ತಹೀನತೆ, ರಕ್ತದೊತ್ತಡಗಳನ್ನು ಬೇಗ ಕಂಡುಹಿಡಿಯಲು ಇದು ಸಹಾಯಕ. ಎಲ್ಲರಿಗೂ ತಿಳಿದ ಬಸಿರನ್ನು ಗುಟ್ಟಾಗಿ ಇಲ್ಲವಾಗಿಸುವುದು ಕಷ್ಟ.

3. ತವರಿಗೂ ಗಂಡನ ಮನೆಗೂ ಸೇತುವೆ. ನಮ್ಮಲ್ಲಿ ಬಸುರಿ ಹೆಂಗಸು ಹೆರಿಗೆಗೆ, ಬಾಣಂತನಕ್ಕೆ ತವರಿಗೆ ಹೋಗುವುದು ವಾಡಿಕೆ. ಕೃಷ್ಣರಾಜಪೇಟೆಯಲ್ಲಿ ಹೆಸರು ಬರೆಸಿದವಳು ಶ್ರೀರಂಗಪಟ್ಟಣದ ತವರಿನಲ್ಲಿರುತ್ತಾಳೆ. ಈ ಊರಿನವರು ಆಕೆ ಅಲ್ಲಿರುವಳೆಂದೂ, ಆ ಊರಿನವರು ಆಕೆ ಇಲ್ಲಿರುವಳೆಂದೂ ತಿಳಿದು ಸುಮ್ಮನಾಗುವುದುಂಟು. ಊರು ಬದಲಿಸುವಾಗ ಎರಡು ಕಡೆಯ ಆಶಾ ಕಾರ್ಯಕರ್ತೆಯರಿಗೂ ತಿಳಿಸಿ. ಕಾರ್ಡನ್ನು ಜೊತೆಯಲ್ಲಿಯೇ ಒಯ್ಯಿರಿ. ಹೀಗೆ ಮಾಡಿದರೆ ಔಷಧಿ, ಚುಚ್ಚುಮದ್ದು, ತಪಾಸಣೆ ಯಾವುದೂ ತಪ್ಪುವುದಿಲ್ಲ.

4. ನೊಂದವಳಿಗೆ ಕರುಣೆ. ಬಸಿರು ತಾನಾಗಿ ನಿಲ್ಲದೆ ಹೋಗುವುದು ಸಾಮಾನ್ಯವಾದ ಸಂಗತಿ. ಅಂತಹ ತಾಯಿಯನ್ನು ಸಂಶಯದಿಂದ ನೋಡುವುದು, ಊರಿನ ಬಾಯಿಗೆ ಬೀಳಿಸುವುದು ಪಾಪ. ಕಣ್ಣಿಡಬೇಕಾದದ್ದು ದಲ್ಲಾಳಿಯ ಮೇಲೆ, ಗುಟ್ಟಾದ ಯಂತ್ರದ ಮೇಲೆ, ಹೆಂಗಸಿನ ಮೇಲಲ್ಲ.

5. ಸುಳಿವು ತಿಳಿಸುವುದು. ತೋಟದ ಮನೆಯಲ್ಲಿ, ಆಲೆಮನೆಯಲ್ಲಿ, ಮುಚ್ಚಿದ ಮಳಿಗೆಯಲ್ಲಿ ಅಪರಿಚಿತ ಕಾರುಗಳಲ್ಲಿ ಗರ್ಭಿಣಿಯರು ಬಂದುಹೋಗುವುದು ಕಂಡರೆ ತಾಲ್ಲೂಕು ಆರೋಗ್ಯಾಧಿಕಾರಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ, ಪೊಲೀಸರ 112 ಸಂಖ್ಯೆಗೆ ಅಥವಾ 104 ಆರೋಗ್ಯ ಸಹಾಯವಾಣಿಗೆ ತಿಳಿಸಿ. ಸ್ಥಳವು ನಮ್ಮ ತಾಲ್ಲೂಕಿನದಲ್ಲ, ನಮಗೇಕೆ ಎಂಬ ಉದಾಸೀನ ಬೇಡ. ಇಂತಹ ಉದಾಸೀನವೇ ಆ ದಂಧೆಯ ಬಂಡವಾಳ.

6. ಗ್ರಾಮಸಭೆಗಳ ಕೂಟ. ಎಲ್ಲೆಗೆ ಎಲ್ಲೆ ತಾಗಿದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಿ, ತಮ್ಮ ಊರುಗಳಲ್ಲಿ ಹುಟ್ಟಿದ ಹೆಣ್ಣು ಗಂಡು ಮಕ್ಕಳ ಸಂಖ್ಯೆಯನ್ನು ಸಭೆಯ ಮುಂದೆ ಓದಲಿ. ಒಂದು ಚಿಕ್ಕ ಊರಿನ ಒಂದು ವರ್ಷದ ಲೆಕ್ಕ ಆಕಸ್ಮಿಕವಾಗಿ ಹೆಚ್ಚು ಕಡಿಮೆಯಾಗಬಹುದು. ಹತ್ತು ಊರುಗಳ ಐದು ವರ್ಷದ ಲೆಕ್ಕ ಸುಳ್ಳು ಹೇಳುವುದಿಲ್ಲ. ಸ್ತ್ರೀಶಕ್ತಿ ಸಂಘಗಳು, ಹಾಲು ಉತ್ಪಾದಕರ ಸಂಘಗಳು ಇದರಲ್ಲಿ ಮುಂದಾಳುಗಳಾಗಬಹುದು.

7. ಗಂಡಂದಿರ ಹೊಣೆ. ಈ ಸಭೆಯಲ್ಲಿರುವ ಗಂಡಸರಿಗೆ ವಿಶೇಷವಾಗಿ ಹೇಳುತ್ತೇನೆ. ಅತ್ತೆ ಸೊಸೆಯರ ನಡುವೆ ಈ ಮಾತು ಬಂದಾಗ ನೀವು ಮೌನವಾಗಿ ಎದ್ದು ಹೊರಗೆ ಹೋಗಬೇಡಿ. "ನನಗೆ ಮಗಳಾದರೂ ಸಂತೋಷ" ಎಂದು ನಿಮ್ಮ ತಾಯಿಯ ಎದುರಿನಲ್ಲಿ, ಹೆಂಡತಿ ಕೇಳುವಂತೆ ಹೇಳಿ. ಆ ಒಂದು ಮಾತು ಹತ್ತು ಕಾನೂನುಗಳಿಗೆ ಸಮ. ಬೇಕಾದಷ್ಟು ಮಕ್ಕಳಾದ ಮೇಲೆ ಶಾಶ್ವತ ವಿಧಾನವನ್ನು ಅನುಸರಿಸುವುದಾದರೆ, ಗಂಡಸರ ಶಸ್ತ್ರಚಿಕಿತ್ಸೆಯು ಹೆಂಗಸರದಕ್ಕಿಂತ ಸುಲಭವೆಂಬುದನ್ನೂ ತಿಳಿದಿರಿ.

ಸಹೋದರ ಸಹೋದರಿಯರೇ, ಒಂದು ಮನೆಯು ಒಂಟಿಯಾಗಿ ಈ ಕೆಡುಕನ್ನು ಎದುರಿಸುವುದು ಕಷ್ಟ. ಪಕ್ಕದ ಮನೆಯವರು ಗಂಡು ಹೆತ್ತು ಹಬ್ಬ ಮಾಡುವಾಗ ಎರಡನೆಯ ಹೆಣ್ಣನ್ನು ಎತ್ತಿಕೊಂಡ ತಾಯಿಯ ಮನಸ್ಸು ಕುಗ್ಗುವುದು ಸಹಜ. ಆದರೆ ಊರಿಗೆ ಊರೇ ಆಕೆಯ ಬೆನ್ನಿಗೆ ನಿಂತರೆ, ತವರೂರು ಮತ್ತು ಗಂಡನ ಊರು ಒಂದೇ ಮಾತನ್ನಾಡಿದರೆ, ಜಿಲ್ಲೆಯ ಆಚೆಯವರೂ ಈಚೆಯವರೂ ಒಂದೇ ಕಾವಲು ಕಾದರೆ, ದಲ್ಲಾಳಿಗೆ ಹೋಗಲು ದಾರಿಯಿರುವುದಿಲ್ಲ.

ನೀವು ಈ ಸಭೆಯಿಂದ ಹಿಂದಿರುಗಿದ ಮೇಲೆ ಒಂದು ಕೆಲಸ ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ನಿಮ್ಮ ಬಳಗದಲ್ಲಿ ಎರಡನೆಯ ಬಸಿರು ಹೊತ್ತಿರುವ, ಮೊದಲ ಮಗು ಹೆಣ್ಣಾಗಿರುವ ಸೋದರಿಯೊಬ್ಬಳು ಯಾವ ಊರಿನಲ್ಲಿದ್ದರೂ ಸರಿ, ಗಂಡ ಹೆಂಡಿರಿಬ್ಬರೂ ಕೂಡಿ ಆಕೆಯನ್ನು ನೋಡಿಬನ್ನಿ. ಯಾವ ಮಗುವಾದರೂ ನಾವು ಬಂದು ತೊಟ್ಟಿಲು ತೂಗುತ್ತೇವೆ ಎಂದು ಆಕೆಯ ಮನೆಯವರೆಲ್ಲರೂ ಕೇಳುವಂತೆ ಹೇಳಿಬನ್ನಿ.